ಎಂಜಿನ್ನಿನ ಅರ್ಧ ಹೊಳಪು

ಭಾನುವಾರ ಬೆಳಿಗ್ಗೆ ನಮ್ಮನೆಯವರನ್ನು ಯಾರಾದರೂ ಹುಡುಕಿಕೊಂಡು ಬಂದರೆ ನಾನು ಅಂಗಳದ ಕಡೆ ಕೈ ತೋರಿಸಿ ಸುಮ್ಮನಾಗುತ್ತಿದ್ದೆ. ಅಲ್ಲಿ ಕಾರು ಬಾನೆಟ್ಟು ಎತ್ತಿಕೊಂಡು ನಿಂತಿರುತ್ತಿತ್ತು. ಅದರ ಮುಂದೆ ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ, ಎರಡು ಕಾಲು. ಸೊಂಟದಿಂದ ಮೇಲಿನ ಮನುಷ್ಯನೆಲ್ಲ ಎಂಜಿನ್ನಿನೊಳಗೆ. ತಿಂಡಿ ಆರಿ ತಣ್ಣಗಾದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಕರೆದು ಕರೆದು ಸೋತೆ. ಆಮೇಲೆ ನನ್ನ ಪಾಡಿಗೆ ನಾನು ತಿಂದು ಮುಗಿಸುವುದನ್ನು ಕಲಿತೆ.

ನಮ್ಮದು ತರೀಕೆರೆ. ಜೀವನವೆಲ್ಲ ಈ ಒಂದು ಟ್ಯಾಕ್ಸಿಯ ಮೇಲೆ. ರೈಲಿಗೆ ಹೋಗುವವರನ್ನು ಕಡೂರಿಗೆ ಬಿಡುವುದು, ಬೀಗರ ಮನೆಗೆ ಹೊರಟವರನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋಗುವುದು, ಲಕ್ಕವಳ್ಳಿ ಡ್ಯಾಮು ನೋಡಬೇಕೆಂದು ಬಂದ ನೆಂಟರನ್ನು ತಿರುಗಿಸುವುದು. ಇವೆಲ್ಲ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಖಾಯಂ ಇದ್ದ ಕೆಲಸವೆಂದರೆ ಒಂದೇ. ಶಾಲೆಯಿರುವ ದಿನ ನಮ್ಮ ಬೀದಿಯ ಚಿಕ್ಕ ಮಕ್ಕಳನ್ನು ಊರಾಚೆಯ ಶಾಲೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರುವುದು. ಬೇರೆ ಯಾರ ಗಾಡಿಗೂ ಕಳಿಸದ ತಾಯಂದಿರು ಇವರ ಗಾಡಿ ಅಂದರೆ ಕಣ್ಣು ಮುಚ್ಚಿಕೊಂಡು ಕಳಿಸುತ್ತಿದ್ದರು.

ಕಾರು ಹಳೆಯದು. ಹೊರಗಿನ ಬಿಳಿ ಬಣ್ಣ ಮಾಸಿ ಹಾಲು ಕಾಫಿಯ ಬಣ್ಣಕ್ಕೆ ಬಂದಿದೆ, ಹಿಂದಿನ ಸೀಟಿನ ಹೊಲಿಗೆ ಬಿಟ್ಟಿದೆ. ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳು ಬಣ್ಣದ ದೀಪ, ಹೊಸ ಸೀಟ್ ಕವರು ಎಂದು ಮೆರೆಯುತ್ತಿದ್ದರೆ ಇವರು ಯಾರೂ ಕೇಳದೆ ಬಾನೆಟ್ ಎತ್ತಿ ತೋರಿಸುತ್ತಿದ್ದರು. ಎಂಜಿನ್ನಿನ ಮೇಲಿನ ಅಲ್ಯುಮಿನಿಯಂ ಮುಚ್ಚಳದಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಳ್ಳಬಹುದಾಗಿತ್ತು. ಪೈಪು, ವೈರು, ಕೆಳಗಿನ ಕಬ್ಬಿಣದ ಪಟ್ಟಿ, ಯಾವುದಕ್ಕೆ ಬೆರಳು ತಾಗಿಸಿದರೂ ಬೆರಳು ಕಪ್ಪಾಗುತ್ತಿರಲಿಲ್ಲ. ಡೀಸೆಲ್ ಎಂಜಿನ್ನನ್ನು ಹೀಗೆ ಇಡುವುದು ಹುಡುಗಾಟವಲ್ಲ ಎಂದು ಗೊತ್ತಿದ್ದವರು ಹೇಳುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆಯೇ. ಆದರೆ ಅವರೆದುರು ಒಪ್ಪಿಕೊಂಡವಳಲ್ಲ.

ಅವರದೊಂದು ಕ್ರಮವಿತ್ತು. ಎಂಜಿನ್ ಪೂರ್ತಿ ಆರಿರಬೇಕು. ನೀರು ಹೊಡೆಯುವ ಮಾತೇ ಇಲ್ಲ. ವಾಟರ್ ಸರ್ವೀಸಿನವರು ಬಾನೆಟ್ ಎತ್ತಿ ಪೈಪು ಹಿಡಿಯುವುದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲು ಬ್ಯಾಟರಿಯ ಮೇಲೆ, ಗಾಳಿ ಎಳೆಯುವ ಬಾಯಿಯ ಮೇಲೆ ಹಾಲಿನ ಪ್ಯಾಕೆಟ್ಟಿನ ಕವರು ಕಟ್ಟಬೇಕು. ಆಮೇಲೆ ಒಣ ಪೇಂಟ್ ಬ್ರಷ್ಷಿನಲ್ಲಿ ಸಂದಿಗೊಂದಿಯ ಧೂಳು ಕೆದಕಬೇಕು. ಎಣ್ಣೆ ಕೂತಿದ್ದ ಕಡೆ ಸೀಮೆಎಣ್ಣೆ ಅದ್ದಿದ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ. ಕೈ ಹೋಗದ ಕಡೆಗೆ ಸವೆದ ಹಲ್ಲುಜ್ಜುವ ಬ್ರಷ್ಷು. ಕಡೂರಿನ ಕಡೆಯ ಧೂಳು ಊದಿದರೆ ಹಾರುತ್ತದೆ, ಅಜ್ಜಂಪುರದ ಕಪ್ಪು ಮಣ್ಣು ಅಂಟಿತೆಂದರೆ ಬಿಡುವುದಿಲ್ಲ ಎಂದು ಅವರೇ ಗೊಣಗಿಕೊಳ್ಳುತ್ತಿದ್ದರು. ಕೊನೆಗೆ ಮುಚ್ಚಳಕ್ಕೆ ಹೊಳಪಿನ ಪೇಸ್ಟು. ಅದು ನಾನು ದೇವರ ಮನೆಯ ಹಿತ್ತಾಳೆ ದೀಪ ಉಜ್ಜಲು ತಂದಿಟ್ಟುಕೊಂಡ ಡಬ್ಬಿ. ಹಬ್ಬದ ಹಿಂದಿನ ದಿನ ಹುಡುಕಿದರೆ ಅದು ಕಾರಿನ ಡಿಕ್ಕಿಯಲ್ಲಿ ಇರುತ್ತಿತ್ತು. ನಮ್ಮ ಅರ್ಧ ಜಗಳ ಆ ಡಬ್ಬಿಯದು.

ಇಷ್ಟು ಶಿಸ್ತಿನ ಮನುಷ್ಯ ಎಡವಿದ್ದೂ ಉಂಟು. ಒಂದು ಆಯುಧ ಪೂಜೆಯ ದಿನ ರಬ್ಬರ್ ಪೈಪುಗಳೂ ಮಿರಮಿರ ಮಿಂಚಲಿ ಎಂದು ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ತಲೆಗೆ ತಿಕ್ಕಿದ ಹಾಗೆ ತಿಕ್ಕಿದರು. ಮೇಲೆ ಅರಿಶಿನ ಕುಂಕುಮ, ನೈವೇದ್ಯದ ಮಂಡಕ್ಕಿಯೂ ಒಂದಿಷ್ಟು ಒಳಗೆ ಉದುರಿತು. ಇಲಿಗಳಿಗೆ ಇನ್ನೇನು ಬೇಕು? ಪೈಪನ್ನೂ ಬಿಡಲಿಲ್ಲ, ವೈರನ್ನೂ ಬಿಡಲಿಲ್ಲ. ಮಾರನೆಯ ದಿನ ಅಂತರಘಟ್ಟೆಗೆ ಹರಕೆ ಹೊತ್ತವರನ್ನು ಕೂರಿಸಿಕೊಂಡು ಹೊರಟ ಗಾಡಿ ದಾರಿಯಲ್ಲೇ ಹೊಗೆಯಾಡಿಕೊಂಡು ನಿಂತಿತು. ಅದನ್ನು ಎಳೆದು ತಂದವರು ಸ್ಟ್ಯಾಂಡಿನ ಪಕ್ಕದ ಗ್ಯಾರೇಜಿನ ಭಾಯಿ. ಇವರು ಕ್ಲೀನರಾಗಿದ್ದ ಕಾಲದಿಂದಲೂ ಇವರಿಗೆ ಸ್ನೇಹಿತರು. ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ತಿರ ನಮ್ಮಷ್ಟೇ ಕನ್ನಡ. ನನ್ನನ್ನು ಅಕ್ಕಾ ಎಂದೇ ಕರೆಯುವುದು. ಒಗ್ಗರಣೆಯೊಂದು ಬಾಕಿ ಇತ್ತು ನೋಡಿ ಅಕ್ಕಾ ಎಂದು ಅವರು ಅಂದದ್ದನ್ನು ನಾನು ಎಷ್ಟೋ ದಿನ ಹೇಳಿಕೊಂಡು ನಕ್ಕಿದ್ದೇನೆ.

ಒಂದು ಸಲ ನಾನು ನೇರವಾಗಿ ಕೇಳಿದ್ದೆ. ಯಾರೂ ನೋಡದ ಜಾಗವನ್ನು ಹೀಗೆ ಉಜ್ಜುವುದು ಯಾತಕ್ಕೆ, ಅಷ್ಟೇ ಹೊತ್ತಿನಲ್ಲಿ ನನ್ನ ಗ್ಯಾಸ್ ಒಲೆಯನ್ನಾದರೂ ಒರೆಸಬಾರದೆ ಎಂದು. ಅವರು ಬೇಜಾರು ಮಾಡಿಕೊಳ್ಳದೆ ನನ್ನನ್ನು ಕರೆದು ತೋರಿಸಿದರು. ಕೊಳಕು ಎಂಜಿನ್ನಿನಲ್ಲಿ ಎಣ್ಣೆ ಸೋರಿದರೆ ಕೊಳಕಿನಲ್ಲಿ ಕೊಳಕಾಗಿ ಸೇರಿಹೋಗುತ್ತದೆ, ಗೊತ್ತಾಗುವ ಹೊತ್ತಿಗೆ ನಡುದಾರಿಯಲ್ಲಿ ನಿಂತಿರುತ್ತೇವೆ. ಶುದ್ಧವಾಗಿದ್ದರೆ ಒಂದು ಹನಿ ಜಿನುಗಿದರೂ ಅಲ್ಲೇ ಕಾಣುತ್ತದೆ. ಮಕ್ಕಳು ಕೂರುವ ಗಾಡಿ ಎಂದು ಸೇರಿಸಿದರು. ಅವತ್ತಿನಿಂದ ನಾನು ಒಲೆಯ ಮಾತು ಎತ್ತಲಿಲ್ಲ. ಶೋಕಿ ಎಂದುಕೊಂಡದ್ದರ ಹಿಂದೆ ಇಷ್ಟು ಯೋಚನೆ ಇದೆಯಲ್ಲ ಎಂದು ಗೌರವವೇ ಬಂತು. ಹೊಳಪು ಅವರಿಗೆ ಅಲಂಕಾರವಾಗಿರಲಿಲ್ಲ, ಕಾವಲಾಗಿತ್ತು.

ಈಗ ಹೋದ ಮಳೆಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ತಲೆನೋವು ಎಂದು ಮಲಗಿದರು. ಬಿ.ಪಿ. ಮಾತ್ರೆಯನ್ನು ನೆನಪಾದರೆ ನುಂಗುವುದು, ಇಲ್ಲದಿದ್ದರೆ ಇಲ್ಲ, ಅದು ಅವರ ಪದ್ಧತಿ. ಸಂಜೆಗೆ ಎದ್ದು ಕಾಫಿ ಕುಡಿದು ಮಕ್ಕಳನ್ನು ಕರೆತರಲು ಹೋದರು. ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡೆವು.

ಅದಾದ ಮೇಲೆ ಊಟಕ್ಕೆ ಕೂತಾಗಲೆಲ್ಲ ಹೊಸ ತಕರಾರು ಶುರುವಾಯಿತು. ಉಪ್ಪಿನಕಾಯಿ ಹಾಕಿಲ್ಲ ಅನ್ನುವರು. ನಮ್ಮಲ್ಲಿ ಎಲೆಯಾದರೂ ಸರಿ, ತಟ್ಟೆಯಾದರೂ ಸರಿ, ಉಪ್ಪು ಉಪ್ಪಿನಕಾಯಿ ಬಡಿಸುವುದು ಎಡತುದಿಗೆ. ಹಾಕಿರುತ್ತಿದ್ದೆ, ಕಣ್ಣ ಮುಂದೆಯೇ ಇರುತ್ತಿತ್ತು. ಬೆರಳಿಟ್ಟು ತೋರಿಸಿದರೆ ಈಗ ಹಾಕಿದೆ ಅನ್ನುವರು. ನನಗೆ ರೇಗಿತು. ಇಷ್ಟು ವರ್ಷ ಬಡಿಸಿದವಳ ಕೈಯಲ್ಲಿ ಈಗ ಕೊಂಕು ಹುಡುಕುತ್ತಿದ್ದಾರಲ್ಲ, ಮನಸ್ಸಿನಲ್ಲಿ ಬೇರೆ ಏನೋ ಸಿಟ್ಟಿರಬೇಕು ಎಂದುಕೊಂಡೆ. ಒಂದು ದಿನ ಬೇಕೆಂದೇ ಬಾಟಲಿಯನ್ನೇ ತಂದು ತಟ್ಟೆಯ ಬಲಗಡೆ ಕುಕ್ಕಿದೆ. ಅವತ್ತು ಮಾತಿಲ್ಲದೆ ಹಾಕಿಕೊಂಡು ಉಂಡರು. ಗೆದ್ದೆ ಎಂದು ಬೀಗಿದೆ. ಕಾರಿನ ಎಡಗಡೆಯ ಕನ್ನಡಿ ಒಡೆದುಕೊಂಡು ಬಂದ ದಿನ ಯಾವನೋ ಬೈಕಿನವನು ತಗುಲಿಸಿಕೊಂಡು ಹೋದ ಎಂದರು. ಬೈಕಿನವನಿಗೆ ಇಬ್ಬರೂ ಸೇರಿ ಶಾಪ ಹಾಕಿದೆವು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ದೀಪ ಉಜ್ಜಬೇಕಿತ್ತು, ಡಬ್ಬಿ ವಸೂಲಿಗೆ ಅಂಗಳಕ್ಕೆ ಹೋದೆ. ಕೆಲಸ ಮುಗಿಸಿ ಬಟ್ಟೆ ಕೊಡವುತ್ತಿದ್ದರು, ಮುಖದಲ್ಲಿ ಮಾಮೂಲಿನ ತೃಪ್ತಿ. ಹೇಗಿದೆ ನೋಡು ಎಂದರು. ಬಗ್ಗಿ ನೋಡಿದೆ. ಎಂಜಿನ್ನಿನ ಒಂದು ಅರ್ಧ ಎಂದಿನಂತೆ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಅರ್ಧದ ಮೇಲೆ ಧೂಳು ಹಾಗೇ ಕೂತಿತ್ತು. ಅದೂ ಒಂದು ವಾರದ್ದಲ್ಲ, ಎಷ್ಟೋ ವಾರಗಳದ್ದು, ಎಣ್ಣೆಯ ಪಸೆ ಸೇರಿ ಗಟ್ಟಿಯಾಗಿತ್ತು. ಮುಚ್ಚಳದ ನಡುವೆ ಹೊಳಪು ನಿಂತ ಗೆರೆ ಕಾಣುತ್ತಿತ್ತು.

ಅರ್ಧ ಕೆಲಸ ಬಿಟ್ಟು ಎದ್ದಿದ್ದಾರೆ ಎಂದುಕೊಂಡು ಈ ಕಡೆಯದನ್ನು ಯಾರು ಮಾಡಬೇಕು ಎಂದು ಕೇಳಿದೆ. ಯಾವ ಕಡೆಯದು ಎಂದರು. ಕೈ ತೋರಿಸಿದೆ. ನೋಡಿದರು, ನಕ್ಕರು. ನಿನಗೆ ಚೇಷ್ಟೆ ಮಾಡಲು ಬೇರೆ ಹೊತ್ತು ಸಿಗಲಿಲ್ಲವೆ ಎಂದರು. ಸುಳ್ಳು ಹೇಳುವವರ ನಗುವಲ್ಲ ಅದು. ಕಾರಿನ ಎದುರು ನಿಂತವರಿಗೆ ಆ ಧೂಳಿನ ಅರ್ಧ ಬರುವುದು ಎಡಕ್ಕೆ. ಉಪ್ಪಿನಕಾಯಿಯೂ ಎಡಕ್ಕೆ. ಒಡೆದ ಕನ್ನಡಿಯೂ ಎಡಗಡೆಯದೇ. ಆಗ ಅವರ ಮುಖ ಸರಿಯಾಗಿ ನೋಡಿದೆ. ಬೆಳಿಗ್ಗೆ ಗಡ್ಡ ಕೆರೆದುಕೊಂಡಿದ್ದರು. ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯ ಮೇಲೆ ಬಿಳಿ ಕೂದಲು ಹಾಗೇ ಇತ್ತು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ನಾನೂ ನೋಡಿರಲಿಲ್ಲ.

ಒಳಗೆ ಹೋಗಿ ಭಾಯಿಗೆ ಫೋನ್ ಮಾಡಿದೆ. ಬಂದವರು ಬಾನೆಟ್ಟಿನೊಳಗೆ ಒಮ್ಮೆ ಇಣುಕಿ, ಇವರ ಮುಖ ಒಮ್ಮೆ ನೋಡಿ, ನಡೀರಿ ಶಿವಮೊಗ್ಗಕ್ಕೆ, ಡಾಕ್ಟರಿಗೆ ತೋರಿಸಿಕೊಂಡು ಬರೋಣ ಎಂದರು. ನಮ್ಮನೆಯವರಿಗೆ ಸಿಟ್ಟು ನೆತ್ತಿಗೇರಿತು. ನನ್ನ ಕಣ್ಣಿಗೇನಾಗಿದೆ, ಅಗೋ ಆ ಬೋರ್ಡು ಓದಲಾ ಎಂದು ಬೀದಿಯ ಕೊನೆಯ ಅಂಗಡಿಯನ್ನು ತೋರಿಸಿ ಓದಿಯೇಬಿಟ್ಟರು. ‘ಸಿಮೆಂಟ್ ಅಂಗಡಿ’ ಎಂದರು. ಬೋರ್ಡಿನ ಮೇಲಿದ್ದುದು ‘ಕಬ್ಬಿಣ ಮತ್ತು ಸಿಮೆಂಟ್ ಅಂಗಡಿ’ ಎಂದು. ಭಾಯಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇವರು ನಮ್ಮಿಬ್ಬರನ್ನೂ ನೋಡಿ, ಕಂಡಿರಾ ಎಂಬಂತೆ ತಲೆ ಆಡಿಸಿದರು.

ನಾಳೆ ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬಂದು ಆಮೇಲೆ ಡಾಕ್ಟರ ಹತ್ತಿರ ಬರುತ್ತೇನೆ, ಬೇಕಾದರೆ ಸುತ್ತಮುತ್ತಲ ಡಾಕ್ಟರರಿಗೆಲ್ಲ ತೋರಿಸು ಎಂದರು. ನನಗೆ ಕೇಳಿದ್ದು ನಾಳೆ ಬೆಳಿಗ್ಗೆ, ಮಕ್ಕಳು ಎಂಬ ಎರಡು ಮಾತು ಮಾತ್ರ. ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ. ಅವರಿಗೆ ಅರ್ಥವಾಯಿತು. ಕೈ ಚಾಚಿದರು.

"ಕೀ ಕೊಡು."

"ಕೊಡಲ್ಲ ಕಣ್ರೀ."

ಒಂದು ದಿನವೂ ಗದರದ ಮನುಷ್ಯ. ಅವತ್ತು ನನ್ನನ್ನು ನೋಡಿದ ನೋಟ ಮಾತ್ರ ಈಗಲೂ ಮರೆಯಲಾಗುತ್ತಿಲ್ಲ. ಈ ಗಾಡಿಯನ್ನು ನಿನ್ನಪ್ಪ ಓಡಿಸುತ್ತಿದ್ದನಾ ಎಂದರು. ಭಾಯಿ ನಡುವೆ ಬಂದು ಭುಜ ಹಿಡಿದುಕೊಂಡರೆ ಅವರ ಕೈಯನ್ನೂ ಕೊಡವಿದರು. ಹೆಂಡತಿ ಮಾತು, ಸ್ನೇಹಿತನ ಮಾತು ಯಾವುದೂ ಹಿಡಿಸುವ ಸ್ಥಿತಿ ಅದಲ್ಲ. ಕಂಡದ್ದನ್ನು ಕಂಡಿಲ್ಲ ಎನ್ನುವ ಹಟಮಾರಿಯಾಗಿದ್ದರೆ ಜಗಳ ಆಡಬಹುದಿತ್ತು. ಅವರ ಪಾಲಿಗೆ ಎಲ್ಲ ಕಾಣುತ್ತಲೇ ಇತ್ತು, ಏನೂ ಕಮ್ಮಿಯಿರಲಿಲ್ಲ. ಇಲ್ಲದ ಅರ್ಧವನ್ನು ಇಲ್ಲ ಎಂದು ಯಾರಿಗಾದರೂ ಹೇಗೆ ತೋರಿಸುವುದು? ನನಗೆ ಅಳು ಬರುವಂತಾಯಿತು. ಅಳುವ ಬದಲು ಅವರ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕಾರಿನ ಪಕ್ಕಕ್ಕೆ, ಡ್ರೈವರ್ ಬಾಗಿಲಿನ ಮುಂದಿನ ಚಕ್ರದ ಹತ್ತಿರ ನಿಲ್ಲಿಸಿದೆ. ಇಲ್ಲಿಂದ ಬಗ್ಗಿ ನೋಡಿ ಎಂದೆ.

ಬಗ್ಗಿದರು. ಈಗ ಧೂಳು ಅವರ ಎದುರಿಗೇ ಇತ್ತು.

ಮೊದಲು ಅವರಿಗೆ ಬಂದದ್ದು ಸಿಟ್ಟು. ಯಾರು ಮಾಡಿದ್ದು ಇದು ಎಂದು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. ಬೆರಳಿನಿಂದ ಒಂದು ಗೆರೆ ಎಳೆದು ಬೆರಳನ್ನು ಮೂಗಿಗೆ ಹಿಡಿದರು. ಧೂಳಿನ ವಯಸ್ಸು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಮತ್ತೆ ಕಾರಿನ ಎದುರಿಗೆ ಹೋಗಿ ನೋಡಿದರು. ಪಕ್ಕಕ್ಕೆ ಬಂದು ನೋಡಿದರು. ಮತ್ತೆ ಎದುರಿಗೆ. ಪ್ರತಿ ಸಲವೂ ಸ್ವಲ್ಪ ನಿಧಾನವಾದರು. ಕೊನೆಗೆ ಎದುರಿಗೆ ನಿಂತು, ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಮೆಲ್ಲಗೆ ಆ ಕಡೆಗೆ ತಳ್ಳಿ, ಬೆರಳಿಗೆ ಧೂಳು ತಾಗಿತೋ ಇಲ್ಲವೋ ಎಂದು ತಡವಿದರು. ತಾಗಿತು. ನಾನಂದದ್ದನ್ನು ನಂಬದಿದ್ದ ಮನುಷ್ಯ ಎಂಜಿನ್ ಹೇಳಿದ್ದನ್ನು ನಂಬಿದರು. ಅದಕ್ಕೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಕೈ ಮುಗಿಯಬೇಕು ಅನ್ನಿಸಿತು.

ಬಾನೆಟ್ ಹಾಕಲಿಲ್ಲ. ಬಂದು ಜಗಲಿಯ ಮೇಲೆ ಕೂತರು. ನಾನು ನೀರು ತಂದುಕೊಟ್ಟೆ. ಬಲಗಡೆಗೇ ಹೋಗಿ ಕೊಟ್ಟೆ. ಕುಡಿಯಲಿಲ್ಲ. ನೆಲ ನೋಡಿಕೊಂಡೇ ಮಾತಾಡಿದರು.

"ಮಕ್ಕಳು ಇಳಿಯೋದು ಎಡಗಡೆ ಬಾಗ್ಲಿಂದ ಕಣೇ. ಇಳಿದು ಅಲ್ಲೇ ನಿಂತ್ಕಂಡು ನಂಗೆ ಟಾಟಾ ಮಾಡವು. ಈಗೀಗ ಯಾಕೋ ಟಾಟಾ ಮಾಡೋದು ಬಿಟ್ಬಿಟ್ಟವೆ, ಏನ್ ಬೇಜಾರೋ ಅನ್ಕಂಡಿದ್ದೆ."

ಭಾಯಿ ಗೇಟಿನ ಹತ್ತಿರ ಹೋಗಿ ಬೀದಿ ನೋಡುತ್ತಾ ನಿಂತರು. ನಾನು ಇವರ ಪಕ್ಕ ಕೂತು ಅತ್ತೆ. ಆ ಮಕ್ಕಳು ದಿನಾ ಕೈ ಬೀಸುತ್ತಲೇ ಇದ್ದವು, ಇವರು ತಿರುಗಿ ನೋಡದೆ ಗಾಡಿ ಎತ್ತುತ್ತಿದ್ದರು. ಚಕ್ರದ ಪಕ್ಕದಲ್ಲಿ ನಿಂತ ಮಕ್ಕಳು. ಏನೂ ಆಗಿರಲಿಲ್ಲ ಎನ್ನುವುದು ಯಾರ ಪುಣ್ಯವೋ ಗೊತ್ತಿಲ್ಲ, ನಮ್ಮದಂತೂ ಅಲ್ಲ.

ಆಮೇಲಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅವತ್ತು ಸಂಜೆ ಭಾಯಿಯೇ ಗಾಡಿ ಓಡಿಸಿಕೊಂಡು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ತಲೆಯ ಸ್ಕ್ಯಾನು ಮಾಡಿದರು. ಕಣ್ಣಿನಲ್ಲಿ ದೋಷವಿಲ್ಲ, ಮೆದುಳಿನ ಬಲಭಾಗದಲ್ಲಿ ಒಂದು ಕಡೆ ರಕ್ತ ನಿಂತು ಸಣ್ಣದಾಗಿ ಸ್ಟ್ರೋಕ್ ಆಗಿದೆ, ಎಡಗಡೆ ಇರುವುದನ್ನು ಗಮನಿಸುವ ಕೆಲಸ ಅಲ್ಲಿಯದು ಎಂದು ಡಾಕ್ಟರು ವಿವರಿಸಿದರು. ಆ ಮಧ್ಯಾಹ್ನದ ತಲೆನೋವೇ ಇರಬೇಕು. ಇಂಥವರಿಗೆ ತಮಗೆ ಹೀಗಾಗಿದೆ ಎಂಬುದೇ ಗೊತ್ತಾಗುವುದಿಲ್ಲವಂತೆ. ಮಾತ್ರೆ, ಎಡಗಡೆ ತಿರುಗಿ ನೋಡುವ ಅಭ್ಯಾಸ ಎಲ್ಲ ನಡೆದಿದೆ, ಸುಧಾರಿಸಿದ್ದಾರೆ. ಟ್ಯಾಕ್ಸಿಯನ್ನು ಈಗ ಭಾಯಿಯ ಕಡೆಯ ಒಬ್ಬ ಡ್ರೈವರು ಓಡಿಸುತ್ತಾನೆ.

ಆದರೆ ನನಗೆ ಆ ಭಾನುವಾರ ಎಂದರೆ ಆಸ್ಪತ್ರೆಯಲ್ಲ. ಶಿವಮೊಗ್ಗಕ್ಕೆ ಹೊರಡುವ ಮುಂಚೆ ಭಾಯಿ ಒಂದು ಉಪಾಯ ಹೇಳಿದರು. ಗಾಡಿ ಕೆಟ್ಟಿದೆ, ನಾಳೆ ಬರುವುದಿಲ್ಲ ಎಂದು ಮಕ್ಕಳ ಮನೆಗಳಿಗೆ ನಾನು ಹೇಳಿಬಿಡುತ್ತೇನೆ ಎಂದರು. ನನಗೂ ಅದೇ ಸರಿ ಅನ್ನಿಸಿತು. ಬೀದಿಯವರ ಬಾಯಿಗೆ ಯಾಕೆ ಬೀಳಬೇಕು? ನಮ್ಮನೆಯವರು ಬೇಡ ಎಂದರು. ಗಾಡಿ ಕೆಟ್ಟಿಲ್ಲ ಎಂದರು. ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮೊದಲನೆಯ ಮನೆಗೆ ತಾವೇ ಮಾಡಿದರು. ಎಡಗಡೆ ಇರುವುದು ನನಗೆ ತಿಳಿಯುತ್ತಿಲ್ಲ, ಹಾಗೇ ಇಷ್ಟು ದಿನ ಮಕ್ಕಳನ್ನು ಕೂರಿಸಿಕೊಂಡು ಓಡಿಸಿದ್ದೇನೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಆ ಕಡೆಯಿಂದ ತಾಯಿಯೊಬ್ಬಳು ಮಾತಾಡುತ್ತಿದ್ದುದು ನನಗೂ ಕೇಳುತ್ತಿತ್ತು. ಒಳ್ಳೆಯ ಹೆಣ್ಣುಮಗಳು. ಬೈಯಲಿಲ್ಲ. ಹುಷಾರಾಗಿ ಬನ್ನಿ, ಅಲ್ಲಿವರೆಗೆ ಹೇಗೋ ಮಾಡುತ್ತೇವೆ, ಆಮೇಲೆ ನೀವೇ ಬರಬೇಕು ಎಂದಳು.

ಇವರು ತಲೆ ಅಡ್ಡಡ್ಡ ಆಡಿಸಿದರು.

"ಬ್ಯಾಡ ಕಣಮ್ಮ," ಎಂದರು. "ನಂಗೆ ಕಾಣ್ತಿಲ್ಲ ಅನ್ನೋದೇ ನಂಗೆ ಗೊತ್ತಾಗ್ಲಿಲ್ಲ. ನಾಳೆ ವಾಸಿಯಾಯ್ತು, ಬತ್ತೀನಿ ಅಂತ ನಾನೇ ಬಂದು ಕೇಳಿದ್ರೂ ಮಗೀನ ಕಳಿಸ್ಬೇಡ."

ಫೋನ್ ಇಟ್ಟರು. ಮುಂದಿನ ಮನೆಯ ನಂಬರ್ ಯಾವುದು ಹೇಳು ಎಂದು ನನ್ನನ್ನು ಕೇಳಿದರು.